ಫುಟ್‌ಬಾಲ್ ಹೆಸರಿನಲ್ಲೊಂದು ಹಾಲ್

ಅರ್ಜಿ ಬರೆದವಳು ನಾನೇ. ಇದನ್ನು ಮೊದಲೇ ಹೇಳಿಬಿಡಬೇಕು. ಮುಚ್ಚಿಟ್ಟರೆ ಮುಂದೆ ನಾನು ಯಾರ ಮೇಲೆ ಸಿಟ್ಟಾದರೂ ಆ ಸಿಟ್ಟಿನಲ್ಲಿ ಅರ್ಧ ಸುಳ್ಳಿರುತ್ತದೆ.

ತುಮಕೂರಿನ ಅಂಚಿನಲ್ಲಿರುವ ಖಾಸಗಿ ಪದವಿ ಕಾಲೇಜೊಂದರಲ್ಲಿ ನಾನು ದೈಹಿಕ ಶಿಕ್ಷಣ ನಿರ್ದೇಶಕಿ. ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟಿ ಆಗ ಮೂರನೇ ವರ್ಷ. ತಂಡದಲ್ಲಿ ಹದಿನಾರು ಜನ. ಅರ್ಧದಷ್ಟು ಮಂದಿ ಊರಿನವರೇ, ಉಳಿದವರು ಗುಬ್ಬಿ, ಚೇಳೂರು, ಬೆಳ್ಳಾವಿ ಕಡೆಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬರುವವರು. ಆ ಸೆಪ್ಟೆಂಬರಿನಲ್ಲಿ ಮಳೆ ಹಿಡಿದುಕೊಂಡಿತು. ಮೈದಾನದ ಪೂರ್ವ ತುದಿಯ ಗೋಲಿನ ಮುಂದೆ ಪಾದ ಮುಳುಗುವಷ್ಟು ನೀರು ನಿಂತಿತು. ಮಳೆ ಬಿಟ್ಟು ನಾಲ್ಕು ದಿನವಾದರೂ ಇಂಗಲಿಲ್ಲ. ಚೆಂಡು ಒದ್ದರೆ ಎರಡು ಗಜ ಹೋಗಿ ಕೆಸರಿನಲ್ಲಿ ಕೂರುತ್ತಿತ್ತು. ಅಂತರ ಕಾಲೇಜು ಪಂದ್ಯಾವಳಿಗೆ ಎರಡು ತಿಂಗಳಷ್ಟೇ ಉಳಿದಿತ್ತು. ನಾನು ಪ್ರಾಂಶುಪಾಲರಿಗೆ ಒಂದು ಪುಟದ ಅರ್ಜಿ ಬರೆದೆ. ‘ಮಳೆಗಾಲದಲ್ಲಿ ಒಳಾಂಗಣ ಅಭ್ಯಾಸಕ್ಕೆ ವ್ಯವಸ್ಥೆ ಮಾಡಿಕೊಡಬೇಕು’ ಎಂಬುದು ಅದರ ಕೊನೆಯ ಸಾಲು. ನನ್ನ ಮನಸ್ಸಿನಲ್ಲಿ ಇದ್ದದ್ದು ನಾಲ್ಕು ಕಂಬ, ಮೇಲೊಂದು ತಗಡಿನ ಸೂರು, ಕೆಳಗೆ ಮಣ್ಣಿನ ನೆಲ.

‘ಸದ್ಯಕ್ಕೆ ಪರೀಕ್ಷಾ ಹಾಲ್ ಬಳಸ್ಕೊಳ್ಳಿ ಮೇಡಂ,’ ಎಂದರು ಪ್ರಾಂಶುಪಾಲರು.

ಡೆಸ್ಕುಗಳನ್ನು ಗೋಡೆಗೆ ಸರಿಸಿದೆವು. ನೆಲಕ್ಕೆ ಹಾಕಿದ್ದು ಮುಖ ಕಾಣುವಂಥ ಟೈಲ್ಸ್. ಸ್ಟಡ್ ಷೂ ಬಿಡಿಸಿ ಕ್ಯಾನ್ವಾಸ್ ಷೂ ಹಾಕಿಸಿದೆ. ಓಡುವಂತಿಲ್ಲ, ನಡೆದುಕೊಂಡೇ ಪಾಸು, ಒಬ್ಬರಿಗೆ ಎರಡೇ ಟಚ್ ಎಂದು ಕಟ್ಟುನಿಟ್ಟು ಮಾಡಿದೆ. ಮೂರು ದಿನ ಚೆನ್ನಾಗಿ ನಡೆಯಿತು. ನಾಲ್ಕನೇ ದಿನ, ಇಷ್ಟು ಮೆತ್ತಗೆ ಆಡಿದರೆ ಪಂದ್ಯದಲ್ಲಿ ಕಾಲೇ ಏಳುವುದಿಲ್ಲ ಎನಿಸಿ, ನಾನೇ ಆಟವನ್ನು ಚುರುಕು ಮಾಡಿದೆ. ಸುತ್ತ ಐವರು ನಿಂತು ಪಾಸು ಮಾಡಬೇಕು, ನಡುವೆ ಇಬ್ಬರು ಚೆಂಡು ಕಸಿಯಬೇಕು. ಬಾಗಿಲ ಬಳಿ ನೆನೆದ ಕೊಡೆಗಳನ್ನು ಒರಗಿಸಿದ್ದರು. ಅವುಗಳ ನೀರು ಹರಿದು ಟೈಲ್ಸ್ ಮೇಲೆ ಬಂದಿತ್ತು. ನನಗೆ ಅದು ಕಾಣಲಿಲ್ಲ. ಚೇಳೂರಿನ ಹುಡುಗಿ, ನಮ್ಮ ಎಡಬದಿಯ ಓಟಗಾರ್ತಿ, ಚೆಂಡಿಗಾಗಿ ಗಕ್ಕನೆ ತಿರುಗಿದಳು. ಪಾದ ಒಂದು ಕಡೆ ಜಾರಿತು, ಮೈ ಇನ್ನೊಂದು ಕಡೆ ತಿರುಗಿತು. ನಡುವೆ ಸಿಕ್ಕಿಕೊಂಡದ್ದು ಮಂಡಿ. ಅವಳು ಕೂಗಲಿಲ್ಲ. ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು, ‘ಏನೋ ಕಿತ್ಕೊಂಡಂಗಾಯ್ತು ಮ್ಯಾಮ್,’ ಎಂದಳು.

ಲಿಗಮೆಂಟ್ ಹರಿದಿದೆ, ಆಪರೇಷನ್ ಆಗಬೇಕು ಎಂದರು ಆಸ್ಪತ್ರೆಯಲ್ಲಿ.

ಮರುದಿನ ಕಾಲೇಜಿನ ಅಪಘಾತ ರಿಜಿಸ್ಟರ್ ತೆರೆದು ಕೂತಿದ್ದೆ. ಪ್ರಾಂಶುಪಾಲರು ನನ್ನ ಮೇಜಿನ ತನಕ ನಡೆದು ಬಂದರು. ‘ಮೆಟ್ಲು ಇಳಿಯುವಾಗ ಜಾರಿದ್ಲು ಅಂತ ಬರೀರಿ. ಎಕ್ಸಾಮ್ ಹಾಲ್‌ನಲ್ಲಿ ಬಾಲ್ ಆಡಿಸಿದ್ರು ಅಂತ ಗೊತ್ತಾದ್ರೆ ನಿಮ್ ತಲೆಗೇ ಬರುತ್ತೆ. ನಿಮ್ ಒಳ್ಳೇದಕ್ಕೇ ಹೇಳ್ತಿರೋದು.’ ಹಾಲ್ ಬಳಸಿ ಎಂದವರು ನೀವಲ್ಲವೇ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಮೆಟ್ಟಿಲು ಎಂದು ಬರೆದೆ, ಸಹಿ ಮಾಡಿದೆ. ಹೆದರಿದ್ದೆ. ಅದಕ್ಕೆ ಬೇರೆ ಹೆಸರಿಲ್ಲ.

ಎರಡು ವಾರ ಕಳೆದ ಮೇಲೆ ಆಡಳಿತ ಮಂಡಳಿಯ ಕಾರ್ಯದರ್ಶಿಯವರು ಕರೆಸಿದರು. ಪ್ರಾಂಶುಪಾಲರ ಕೋಣೆಯ ಮೇಜಿನ ಮೇಲೆ ದೊಡ್ಡ ನಕ್ಷೆ ಹರಡಿತ್ತು.

‘ನೋಡಿ ಮೇಡಂ, ನೀವ್ ಕೇಳಿದ್ದು ಒಂದ್ ಶೆಡ್ಡು. ನಾವ್ ಕೊಡ್ತಿರೋದು ಇಂಡೋರ್ ಸ್ಟೇಡಿಯಂ. ಜಿಲ್ಲೆಯಲ್ಲಿ ಯಾವ್ ಫುಟ್‌ಬಾಲ್ ಟೀಮಿಗೂ ಇಲ್ಲ.’

ಮೊದಲ ಕ್ಷಣ ನನಗೆ ನಿಜವಾಗಿಯೂ ಸಂತೋಷವಾಯಿತು. ಬಗ್ಗಿ ನಕ್ಷೆ ನೋಡಿದೆ. ಒಂದು ತುದಿಗೆ ವೇದಿಕೆ ಇತ್ತು. ವೇದಿಕೆಯ ಎರಡು ಪಕ್ಕ ‘ಡ್ರೆಸಿಂಗ್ ರೂಮ್’ ಎಂದು ಬರೆದಿದ್ದರು. ಆಟಗಾರರಿಗಿರಬಹುದು ಎಂದುಕೊಂಡೆ. ಹಿಂದುಗಡೆ ಅಡುಗೆ ಕೋಣೆ, ಪಾತ್ರೆ ತೊಳೆಯುವ ಜಾಗ, ಊಟದ ಹಾಲ್, ಕೈ ತೊಳೆಯಲು ಸಾಲು ನಲ್ಲಿ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್.

‘ಫುಟ್‌ಬಾಲ್‌ಗೆ ಅಡುಗೆ ಕೋಣೆ ಯಾಕೆ ಸರ್?’

‘ಮಲ್ಟಿಪರ್ಪಸ್ ಮೇಡಂ. ವರ್ಷವೆಲ್ಲಾ ನೀವು ಬಾಲ್ ಒದೀತಾ ಇರ್ತೀರಾ? ಮಿಕ್ಕಿದ್ ದಿನ ನಾಲ್ಕು ಫಂಕ್ಷನ್ ನಡ್ಕೊಂಡ್ ಹೋಗ್ಲಿ.’

ನಂತರ ನನ್ನ ಮುಂದೆ ಒಂದು ಹಾಳೆ ಸರಿಸಿದರು. ಸರ್ಕಾರದ ಕ್ರೀಡಾ ಅನುದಾನಕ್ಕೆ ಹೋಗಬೇಕಾದ ಅಗತ್ಯತಾ ಪ್ರಮಾಣಪತ್ರ ಅದು. ಮಹಿಳಾ ಫುಟ್‌ಬಾಲ್ ತಂಡಕ್ಕೆ ಈ ಕಟ್ಟಡ ಅತ್ಯಗತ್ಯ ಎಂದು ದೈಹಿಕ ಶಿಕ್ಷಣ ನಿರ್ದೇಶಕಿ ದೃಢೀಕರಿಸಬೇಕಿತ್ತು. ಪುರಾವೆಯಾಗಿ ಲಗತ್ತಿಸಿದ್ದು ನನ್ನದೇ ಅರ್ಜಿ. ಎರಡನೇ ಪ್ಯಾರಾದಲ್ಲಿ ಹೀಗಿತ್ತು: ‘ಅಲ್ಪಸಂಖ್ಯಾತ ಸಮುದಾಯದ ವಿದ್ಯಾರ್ಥಿನಿಯರು ಬಯಲಿನಲ್ಲಿ ಆಡುವುದಕ್ಕೆ ಪೋಷಕರ ವಿರೋಧವಿರುವುದರಿಂದ ಮುಚ್ಚಿದ ಕ್ರೀಡಾಂಗಣ ಅನಿವಾರ್ಯವಾಗಿದೆ.’

ಓದಿ ನೋಡುತ್ತೇನೆ ಎಂದು ಹಾಳೆ ಮತ್ತು ನಕ್ಷೆಯ ಪ್ರತಿ ತೆಗೆದುಕೊಂಡು ಹೊರಬಂದೆ.

ಅಂದು ಸಂಜೆ ಬಿಸಿಲು ಬಿದ್ದಿತ್ತು. ಹುಡುಗಿಯರನ್ನು ಕರೆದು, ಟೇಪು, ಗೂಟ, ಸುಣ್ಣದ ಪುಡಿ ತರಿಸಿದೆ. ನಕ್ಷೆಯಲ್ಲಿದ್ದ ಅಳತೆಯನ್ನು ನೆಲದ ಮೇಲೆ ಇಳಿಸಿದೆವು. ಕಟ್ಟಡದ ಅಗಲ ಅರವತ್ತು ಅಡಿ, ಅದರ ಮುಂದೆ ಮೆಟ್ಟಿಲು, ಅದರಾಚೆ ಕಾರು ಬಂದು ತಿರುಗಲು ದಾರಿ. ಗೆರೆ ಎಳೆಯುತ್ತಾ ಹೋದಂತೆ ಸುಣ್ಣ ಮೊದಲು ಗೋಲ್ ಲೈನ್ ದಾಟಿತು, ಆಮೇಲೆ ಪೆನಾಲ್ಟಿ ಗುರುತನ್ನು ದಾಟಿತು, ಕೊನೆಗೆ ಪೆನಾಲ್ಟಿ ಬಾಕ್ಸನ್ನೇ ಪೂರ್ತಿ ನುಂಗಿ ಆಚೆ ಹೋಯಿತು. ಉಳಿದ ಮೈದಾನ ಅಳೆದೆವು. ಎಪ್ಪತ್ತನಾಲ್ಕು ಮೀಟರ್. ತೊಂಬತ್ತಕ್ಕಿಂತ ಕಡಿಮೆ ಉದ್ದದ ಮೈದಾನದಲ್ಲಿ ಕಾಲೇಜು ಮಟ್ಟದ ಪಂದ್ಯ ನಡೆಸಲು ಬರುವುದಿಲ್ಲ. ಅಂದರೆ ಫುಟ್‌ಬಾಲ್‌ಗಾಗಿ ಕಟ್ಟುವ ಕಟ್ಟಡ ಮೊದಲು ಮಾಡುವ ಕೆಲಸವೇ ಫುಟ್‌ಬಾಲ್ ಮೈದಾನವನ್ನು ಇಲ್ಲವಾಗಿಸುವುದು.

ಕ್ಯಾಪ್ಟನ್ ನನ್ನ ಕೈಯಲ್ಲಿದ್ದ ಹಾಳೆ ಕೇಳಿ ಓದಿದಳು. ಅವಳು ಊರೊಳಗಿನ ಮುಸ್ಲಿಂ ಮನೆಯ ಹುಡುಗಿ, ನಮ್ಮ ಡಿಫೆನ್ಸಿನ ಬೆನ್ನೆಲುಬು. ತಂದೆ ಟೈಲ್ಸ್ ಹಾಕುವ ಮೇಸ್ತ್ರಿ. ಎರಡನೇ ಪ್ಯಾರಾಗೆ ಬಂದಾಗ ತಲೆಯೆತ್ತಿದಳು.

‘ಯಾವ ಪೋಷಕರು ಮ್ಯಾಮ್ ಇದು? ನಮ್ ಟೀಮಲ್ಲಿ ಇರೋದೇ ನಾವ್ ಮೂರ್ ಜನ. ಯಾರ್ ಮನೆಗ್ ಬಂದು ಕೇಳಿದ್ರು ಇವ್ರು?’

‘ಯಾರನ್ನೂ ಕೇಳಿಲ್ಲ ಕಣೇ.’

‘ನಂಗೆ ಸ್ಟಡ್ ಷೂ ತಂದ್ಕೊಟ್ಟಿದ್ದೇ ನಮ್ ಅಬ್ಬಾ. ಈಗ ನಮ್ ಅಬ್ಬಾನ ಹೆಸ್ರಲ್ಲಿ ನಮ್ ಗ್ರೌಂಡ್ ಕಿತ್ಕೋತಾರಾ?’

ಅವಳ ಕೈಯಿಂದ ಹಾಳೆ ತೆಗೆದುಕೊಂಡು ಮಡಚಿದೆ. ಆದರೂ ಒಂದು ಪ್ರಶ್ನೆ ಬಾಕಿ ಇತ್ತು. ಈ ಹಾಲ್ ಬೇಡ ಎಂದರೆ ಮಳೆಗೆ ಏನು ಮಾಡುವುದು? ಸಿಟ್ಟು ಮೈದಾನವನ್ನು ಒಣಗಿಸುವುದಿಲ್ಲವಲ್ಲ.

ಆ ವಾರ ಕುಣಿಗಲ್‌ನ ಒಂದು ಕಾಲೇಜಿನೊಂದಿಗೆ ಸ್ನೇಹ ಪಂದ್ಯವಿತ್ತು. ಹಿಂದಿನ ದಿನ ಆ ಕಡೆ ಜೋರು ಮಳೆ. ಪಂದ್ಯ ರದ್ದಾಗುತ್ತದೆ ಎಂದುಕೊಂಡೇ ಬಸ್ಸು ಹತ್ತಿದೆವು. ಹೋಗಿ ನೋಡಿದರೆ ಮೈದಾನ ಮೆತ್ತಗಿತ್ತು, ಎಲ್ಲೂ ನೀರು ನಿಂತಿರಲಿಲ್ಲ. ಚೆಂಡು ಸಲೀಸಾಗಿ ಉರುಳುತ್ತಿತ್ತು. ಅಲ್ಲಿನ ದೈಹಿಕ ಶಿಕ್ಷಕರು ನಿವೃತ್ತಿಗೆ ಹತ್ತಿರವಿದ್ದ ಹಿರಿಯರು. ನಿಮ್ಮಲ್ಲಿ ಒಳಾಂಗಣ ಇದೆಯೇ ಎಂದು ಕೇಳಿದೆ.

‘ಹಾಲ್ ಎಲ್ಲಿಂದ ತರಣ ಮೇಡಂ? ಇರೋದೊಂದು ಬಯ್ಲು. ಅದ್ರಲ್ಲಿ ನೀರ್ ನಿಲ್ದಂಗ್ ನೋಡ್ಕೊಂಡ್ರೆ ನಮ್ ಹುಡುಗ್ರಿಗೆ ಸಾಕು,’ ಎಂದು ಅಂಚಿಗೆ ಕರೆದೊಯ್ದರು. ಮೈದಾನದ ಸುತ್ತ ಮೊಣಕಾಲಾಳದ ಕಾಲುವೆ ತೋಡಿ, ತಳಕ್ಕೆ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ಮರಳು ತುಂಬಿದ್ದರು. ನೋಡಿದರೆ ಕಾಲುವೆ ಎಂದೇ ಗೊತ್ತಾಗುತ್ತಿರಲಿಲ್ಲ. ನೀರು ಅದರೊಳಗಿಂದ ಸೋರಿ ಹೊರಗಿನ ಮೋರಿಗೆ ಸೇರುತ್ತಿತ್ತು. ಮುಂಗಾರಿಗೆ ಮುಂಚೆ ಒಮ್ಮೆ ಮರಳು ತೆಗೆದು ಹೂಳು ಎತ್ತುತ್ತಾರಂತೆ. ಅಷ್ಟೇ ಅವರ ಸೌಲಭ್ಯ. ಆ ಪಂದ್ಯದಲ್ಲಿ ನಾವು ಸೋತೆವು. ನನ್ನ ಗಮನ ಅರ್ಧ ಆ ಕಾಲುವೆಯ ಮೇಲೇ ಇತ್ತು.

ಹಿಂತಿರುಗಿದ ಮೇಲೆ ನಮ್ಮ ಮೈದಾನದ ಮಾಲಿಯನ್ನು ಕೇಳಿದೆ. ಆ ಕಾಲೇಜಿನಲ್ಲಿ ನನಗಿಂತ ಹಳಬ ಅವನು.

‘ಇಲ್ಲೂ ಇತ್ತಲ್ಲ ಮೇಡಮ್ಮೋರೆ ಮೋರಿ,’ ಎಂದ. ‘ಆ ಮೂಲೇಲಿ. ಕಾರ್ ಪಾರ್ಕಿಂಗ್ ಮಾಡ್ವಾಗ ಮಣ್ ತುಂಬುಬುಟ್ರು. ನಾನ್ ಹೇಳ್ದೆ ಆವತ್ತೇ. ನನ್ ಮಾತು ಯಾರ್ ಕೇಳ್ತಾರೆ ಬುಡಿ.’

ಭಾನುವಾರ ಕ್ಯಾಪ್ಟನ್ ಹುಡುಗಿಯ ತಂದೆ ಮಟ್ಟ ನೋಡುವ ಪೈಪು ಹಿಡಿದುಕೊಂಡು ಬಂದರು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಒಂದು ತುದಿ ಒಂದು ಗೂಟಕ್ಕೆ, ಇನ್ನೊಂದು ತುದಿ ಮತ್ತೊಂದು ಗೂಟಕ್ಕೆ ಹಿಡಿದು ಎರಡೂ ಕಡೆ ನೀರು ನಿಂತ ಎತ್ತರಕ್ಕೆ ಗುರುತು ಹಾಕುವುದು. ಗುರುತಿನಿಂದ ನೆಲಕ್ಕೆ ಎಷ್ಟು ಎಂದು ಅಳೆದರೆ ತಗ್ಗು ಎಲ್ಲಿದೆ ಎಂದು ತಿಳಿಯುತ್ತದೆ. ಹತ್ತು ಹೆಜ್ಜೆಗೊಂದು ಗೂಟದಂತೆ ಇಡೀ ಮೈದಾನ ನಡೆದರು. ನಾನು ಹಿಂದೆ ಹಿಂದೆ ಬರೆದುಕೊಂಡು ಹೋದೆ. ಪೂರ್ವದ ಅಂಚು ಪಶ್ಚಿಮಕ್ಕಿಂತ ಒಂದು ಗೇಣು ತಗ್ಗಿತ್ತು. ಮಾಲಿ ತೋರಿಸಿದ ಮೂಲೆಯಲ್ಲಿ ಅಗೆದಾಗ ಎರಡಡಿ ಕೆಳಗೆ ಮೋರಿಯ ಕಲ್ಲುಚಪ್ಪಡಿ ಸಿಕ್ಕಿತು. ಒಳಗೆ ಗಟ್ಟಿ ಮಣ್ಣು.

‘ನೀರು ಸರಿಯಾದ್ ಜಾಗಕ್ಕೇ ಬರ್ತಾ ಐತೆ ಮೇಡಂ,’ ಎಂದರು ಮೇಸ್ತ್ರಿ. ‘ಹೋಗೋ ದಾರಿ ಮುಚ್ಚವ್ರೆ, ಅಷ್ಟೇಯ.’ ಪ್ರಮಾಣಪತ್ರದ ವಿಷಯ ಮಗಳು ಹೇಳಿರಬೇಕು. ಪೈಪು ಸುತ್ತುತ್ತಾ ಅವರೇ ಮುಂದುವರಿಸಿದರು. ‘ನಾನ್ ಹಾಕೋ ಟೈಲ್ಸ್ ಮದ್ವೆ ಹಾಲ್‌ಗೆ ಸರಿ. ಅದ್ರ ಮೇಲೆ ನನ್ ಮಗ್ಳು ಓಡೋದು ಬ್ಯಾಡ. ನನ್ ವಿರೋಧ ಅಂತ ಬರೀಬೇಕು ಅಂದ್ರೆ ಇದುನ್ನ ಬರ್ಕೊಳ್ಳಿ.’

ಅಳತೆಗಳನ್ನು ಹಾಳೆಯಲ್ಲಿ ಚೊಕ್ಕವಾಗಿ ಬರೆದು ಪ್ರಾಂಶುಪಾಲರ ಬಳಿ ಹೋದೆ. ಕಾಲುವೆಯ ಲೆಕ್ಕ ವಿವರಿಸಿದೆ. ಅವರು ತಾಳ್ಮೆಯಿಂದಲೇ ಕೇಳಿದರು. ನಂತರ ಮೃದುವಾಗಿ ಹೇಳಿದರು: ‘ಮೇಡಂ, ಗುರುವಾರ ಇಲಾಖೆಯಿಂದ ಸ್ಥಳ ಪರಿಶೀಲನೆಗೆ ಬರ್ತಾರೆ. ಬುಧವಾರದೊಳಗೆ ಸಹಿ ಹಾಕ್ಬಿಡಿ.’

‘ಮೈದಾನ ಹೋಗುತ್ತೆ ಸರ್.’

‘ಇಂಡೋರ್ ಬೇಕು ಅಂತ ಅರ್ಜಿ ಕೊಟ್ಟಿದ್ದು ನೀವೇ ಅಲ್ವಾ? ಈಗ ಬೇಡ ಅನ್ನೋಕೆ ಏನ್ ಕಾರಣ ಕೊಡ್ತೀರಾ?’

‘ಟೈಲ್ಸ್ ಮೇಲೆ ಆಡಿಸಿದ್ರೆ ಏನಾಗುತ್ತೆ ಅಂತ ನೋಡಿದ್ದೀವಲ್ಲ ಸರ್. ಆ ಹುಡುಗಿ ಮಂಡಿ—’

‘ರಿಜಿಸ್ಟರ್‌ನಲ್ಲಿ ಮೆಟ್ಲು ಅಂತ ಇದೆ,’ ಎಂದರು. ದನಿ ಏರಲಿಲ್ಲ. ‘ನಿಮ್ದೇ ಅಕ್ಷರ, ನಿಮ್ದೇ ಸಹಿ.’

ಅಂದು ನನ್ನನ್ನು ಕಾಪಾಡಲು ಹೇಳಿದ ಮಾತೆಂದು ನಂಬಿದ್ದೆನಲ್ಲ, ಅದೇ ಮಾತು ಈಗ ನನ್ನ ಕೈಗೆ ಕೋಳವಾಗಿತ್ತು. ಸತ್ಯ ಹೇಳಬೇಕಾದರೆ ಮೊದಲು ನಾನು ಸುಳ್ಳು ಬರೆದೆ ಎಂದು ಒಪ್ಪಿಕೊಳ್ಳಬೇಕು. ಹೊರಗೆ ಬಂದು ವರಾಂಡದಲ್ಲಿ ನಿಂತೆ. ಅವರ ಮೇಲಿನ ರೋಷಕ್ಕಿಂತ ನನ್ನ ಮೇಲಿನ ರೋಷವೇ ಹೆಚ್ಚು ಉರಿಯುತ್ತಿತ್ತು.

ಮಂಗಳವಾರ ರಜೆ ಹಾಕಿ ಗುಬ್ಬಿಗೆ ಹೋದೆ, ಅಲ್ಲಿಂದ ಬಸ್ಸು ಬದಲಿಸಿ ಚೇಳೂರಿಗೆ. ನಾನೇನು ಬರೆಯುವುದಿದ್ದರೂ ಆ ಹುಡುಗಿಯನ್ನು ಕೇಳದೆ ಬರೆಯುವಂತಿರಲಿಲ್ಲ. ಆಪರೇಷನ್ ಆಗಿತ್ತು. ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಜಗಲಿಯ ಕುರ್ಚಿಯಲ್ಲಿ ಕೂತಿದ್ದಳು. ತಾಯಿ ಕಾಫಿ ಕೊಟ್ಟು ಬಾಗಿಲಿಗೆ ಒರಗಿ ನಿಂತರು. ನಾನು ಯಾವುದನ್ನೂ ಸುತ್ತಿ ಬಳಸದೆ ಹೇಳಿದೆ. ರಿಜಿಸ್ಟರಿನಲ್ಲಿ ಮೆಟ್ಟಿಲೆಂದು ಬರೆದದ್ದು ನಾನು, ಅದು ಸುಳ್ಳು, ಆ ದಿನ ಆಟ ಜೋರು ಮಾಡಿಸಿದ್ದೂ ನಾನೇ, ನೆಲ ಒದ್ದೆಯಿದ್ದದ್ದನ್ನು ನೋಡದೆ ಇದ್ದದ್ದೂ ನಾನೇ.

ತಾಯಿ ಬಾಗಿಲು ಬಿಟ್ಟು ಬಂದು ಮಗಳ ಪಕ್ಕ ನಿಂತರು. ಆಮೇಲೆ, ‘ನಮ್ಗೂ ಮೆಟ್ಲು ಅಂತ್ಲೇ ಹೇಳಿದ್ರು ಕಾಲೇಜಿಂದ ಫೋನ್ ಮಾಡ್ದೋರು,’ ಎಂದರು. ‘ಮಗೀನ ಕೇಳುದ್ರೆ ಬಾಯೇ ಬಿಡ್ನಿಲ್ಲ.’

‘ಮ್ಯಾಮ್‌ಗೆ ತೊಂದ್ರೆ ಆಗ್ಬಾರ್ದು ಅಂತ ಸುಮ್ನಿದ್ದೆ ಕಣವ್ವ,’ ಎಂದಳು ಹುಡುಗಿ. ನಂತರ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಸಿಟ್ಟಿತ್ತು. ‘ಬರೀರಿ ಮ್ಯಾಮ್. ನಾನು ಮೆಟ್ಲಿಂದ ಬೀಳೋಳಾ? ಮೆಟ್ಲು ಇಳಿಯಾಕ್ ಬರ್ದೋಳು ಫುಟ್‌ಬಾಲ್ ಆಡ್ತಾಳಂತೆ ಅಂತ ಇಡೀ ಬೀದಿ ನಗ್ತೈತೆ. ಬಾಲ್‌ಗೋಸ್ಕರ ಬಿದ್ದೆ ಅಂತ ಬರೀರಿ.’

ನನ್ನ ಕೆಲಸದ ಬದುಕಿನಲ್ಲಿ ಅಷ್ಟು ಚಿಕ್ಕವಳಾಗಿ ನಾನು ಇನ್ನೆಲ್ಲೂ ಕೂತಿಲ್ಲ.

ವಾಪಸು ಬರುವ ಬಸ್ಸಿನಲ್ಲೇ ಪತ್ರದ ಕರಡು ಮಾಡಿದೆ. ಒಂದು, ನನ್ನ ಹಿಂದಿನ ಅರ್ಜಿಯನ್ನು ವಾಪಸು ಪಡೆಯುತ್ತಿದ್ದೇನೆ. ಮೈದಾನದಲ್ಲಿ ನೀರು ಏಕೆ ನಿಲ್ಲುತ್ತದೆಂದು ನೋಡದೆ ಬರೆದದ್ದು ಅದು. ಎರಡು, ಅಪಘಾತ ನಡೆದದ್ದು ಪರೀಕ್ಷಾ ಹಾಲ್‌ನಲ್ಲಿ, ಟೈಲ್ಸ್ ನೆಲದ ಮೇಲೆ, ನನ್ನ ಉಸ್ತುವಾರಿಯಲ್ಲಿ. ರಿಜಿಸ್ಟರಿನ ನಮೂದು ಸುಳ್ಳು, ಬರೆದವಳು ನಾನು, ಬರೆಯಲು ಸೂಚಿಸಿದವರು ಪ್ರಾಂಶುಪಾಲರು. ಮೂರು, ತಂಡಕ್ಕೆ ಬೇಕಾದದ್ದು ಮೋರಿ ಬಿಡಿಸುವುದು ಮತ್ತು ಅಂಚಿಗೆ ಜಲ್ಲಿ ಕಾಲುವೆ. ಈ ಕಟ್ಟಡವಲ್ಲ. ಬುಧವಾರ ಬೆಳಿಗ್ಗೆ ಒಂದು ಪ್ರತಿಯನ್ನು ಕಚೇರಿಯಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡೆ.

ಅರ್ಧ ಗಂಟೆಯಲ್ಲಿ ಕಾರ್ಯದರ್ಶಿಯವರ ಫೋನ್ ಬಂತು. ‘ಇಷ್ಟ್ ದಿನ ಇಲ್ಲಿ ಅನ್ನ ತಿಂದಿದ್ದೀರಲ್ಲ ಮೇಡಂ, ಸ್ವಲ್ಪ ನಿಯತ್ತಾದ್ರೂ ಬೇಡ್ವಾ? ನಾಳೆ ನೀವ್ ಕಾಲೇಜಿಗ್ ಬರೋದೇ ಬೇಡ. ರಜಾ ಹಾಕಿ.’

‘ನಾಳೆ ಪ್ರಾಕ್ಟೀಸ್ ಇದೆ ಸರ್, ಬರ್ತೀನಿ,’ ಎಂದೆ.

ಗುರುವಾರ ಸುಣ್ಣದ ಗೆರೆಗಳನ್ನು ಮತ್ತೆ ಎಳೆಸಿದೆ. ಕಟ್ಟಡದ ನಾಲ್ಕು ಮೂಲೆಗೆ ನಾಲ್ವರು ಹುಡುಗಿಯರನ್ನು ನಿಲ್ಲಿಸಿದೆ. ಇಲಾಖೆಯ ಅಧಿಕಾರಿ, ಮಿತಭಾಷಿ, ಕೋಣೆಯೊಳಗೆ ಕಾಫಿ ಕುಡಿದು, ನಕ್ಷೆ ನೋಡಿ, ಕಾರ್ಯದರ್ಶಿಗಳ ಜೊತೆ ಮೈದಾನಕ್ಕೆ ಬಂದರು. ನಾನು ಪತ್ರ ಮತ್ತು ಅಳತೆಯ ಹಾಳೆಯನ್ನು ಅವರ ಕೈಗೇ ಕೊಟ್ಟೆ. ‘ಏನೋ ವೈಯಕ್ತಿಕ ಅಸಮಾಧಾನ ಸರ್, ನಾವು ಸರಿ ಮಾಡ್ಕೋತೀವಿ,’ ಎಂದು ಕಾರ್ಯದರ್ಶಿಗಳು ನಕ್ಕರು. ಅಧಿಕಾರಿ ಎರಡೂ ಹಾಳೆ ಪೂರ್ತಿ ಓದಿದರು. ಸುಣ್ಣದ ಗೆರೆ ಹಿಡಿದು ನಿಧಾನವಾಗಿ ನಡೆದರು.

‘ಇಲ್ಲಿರೋ ಗೋಲ್ ಪೋಸ್ಟ್ ಎಲ್ಲಿಗ್ ಬರುತ್ತೆ?’

‘ವೇದಿಕೆ ಮೇಲೆ ಸರ್,’ ಎಂದೆ.

ಒಂದು ಮೂಲೆಯಲ್ಲಿ ನಿಂತಿದ್ದ ಕ್ಯಾಪ್ಟನ್ ಆಗ ಮುಂದೆ ಬಂದಳು. ನಾನು ಹೇಳಿಕೊಟ್ಟದ್ದಲ್ಲ. ‘ಸರ್, ಕಾಲೇಜಿನೋರ್ ಮಾಡಿರೋ ಸರ್ಟಿಫಿಕೇಟಲ್ಲಿ, ಎರಡನೇ ಪ್ಯಾರಾದಲ್ಲಿ, ನಮ್ ಮನೆಯೋರ್ ವಿಷ್ಯ ಬರೆದವ್ರೆ. ಅದು ಸುಳ್ಳು. ನಮ್ ಅಬ್ಬಾ ಗೇಟ್ ಹತ್ರ ನಿಂತವ್ರೆ, ಬೇಕಾದ್ರೆ ಕೇಳಿ.’

ಅಧಿಕಾರಿ ಗೇಟಿನ ಕಡೆ ಒಮ್ಮೆ ನೋಡಿದರು. ಕೇಳಲಿಲ್ಲ. ಹಾಳೆಗಳನ್ನು ಫೈಲಿನೊಳಗಿಟ್ಟುಕೊಂಡು ಹೊರಟರು.

ಅನುದಾನ ಬರಲಿಲ್ಲ. ಯಾವ ಕಾರಣಕ್ಕೆ ಎಂದು ನನಗೆ ಯಾರೂ ತಿಳಿಸಲಿಲ್ಲ. ಆಡಳಿತ ಮಂಡಳಿಯಿಂದ ನನಗೆ ಬಂದದ್ದು ಬೇರೆ ಪತ್ರ. ರಿಜಿಸ್ಟರಿನಲ್ಲಿ ಸುಳ್ಳು ನಮೂದು ಮಾಡಿದ್ದಕ್ಕೆ ಎಚ್ಚರಿಕೆ, ಕಾಲೇಜಿನ ಕ್ರೀಡಾ ಸಮಿತಿಯಿಂದ ಬಿಡುಗಡೆ; ತಂಡ ಮಾತ್ರ ನನ್ನ ಕೈಯಲ್ಲೇ ಉಳಿಯಿತು. ಅದು ನನಗೆ ಸಲ್ಲಬೇಕಾದದ್ದೇ. ಆದರೆ ಬರೆಯಿರಿ ಎಂದವರಿಗೆ ಒಂದು ಸಾಲಿನ ನೋಟೀಸೂ ಹೋಗಲಿಲ್ಲ. ಅವರು ಇಂದಿಗೂ ಪ್ರತಿ ವರ್ಷ ಕ್ರೀಡಾ ದಿನದಂದು ಪ್ರಾಮಾಣಿಕತೆಯ ಬಗ್ಗೆ ಮಾತಾಡುತ್ತಾರೆ. ನಾನು ಕೆಳಗೆ ಕೂತು ಕೇಳುತ್ತೇನೆ.

ಮೋರಿಯನ್ನು ನಾವೇ ಬಿಡಿಸಿದೆವು. ಎರಡು ಭಾನುವಾರ ಮಾಲಿ, ಮೇಸ್ತ್ರಿ, ಹುಡುಗಿಯರು, ನಾನು. ಅಂಚಿಗೆ ಕಾಲುವೆ ತೋಡಿ ಜಲ್ಲಿ ತುಂಬಿದೆವು. ಯಾರೂ ಅನುಮತಿ ಕೊಡಲಿಲ್ಲ, ಯಾರೂ ತಡೆಯಲೂ ಇಲ್ಲ. ಆಮೇಲೆ ಬಿದ್ದ ಮೊದಲ ದೊಡ್ಡ ಮಳೆಯ ನೀರು ಮಾರನೇ ಮಧ್ಯಾಹ್ನಕ್ಕೆ ಇಳಿದುಹೋಗಿತ್ತು. ಅಂದು ಸಂಜೆ ಆಡಿದೆವು. ಪಂದ್ಯಾವಳಿಯಲ್ಲಿ ಸೆಮಿಫೈನಲ್‌ವರೆಗೆ ಹೋಗಿ, ಒಂದು ಗೋಲಿನಿಂದ ಸೋತೆವು. ಚೇಳೂರಿನ ಹುಡುಗಿ ಊರುಗೋಲು ಹಿಡಿದು ಬಂದು ಅಂಚಿನಲ್ಲಿ ಕೂತು ನೋಡಿದಳು. ಅವಳು ಮತ್ತೆ ತಂಡಕ್ಕೆ ಆಡಲೇ ಇಲ್ಲ. ನನ್ನ ಯಾವ ಪತ್ರವೂ ಅದನ್ನು ಸರಿಮಾಡಲಾರದು.

ಹಾಲ್ ಮಾತ್ರ ಬಂತು. ಮರುವರ್ಷ ದಾನಿಗಳನ್ನು ಹಿಡಿದು, ಹಿಂದಿನ ಗೇಟಿನ ಬಳಿಯ ಖಾಲಿ ಜಾಗದಲ್ಲಿ ಕಟ್ಟಿಸಿದರು. ಅದೇ ಟೈಲ್ಸ್, ಅದೇ ಅಡುಗೆ ಕೋಣೆ. ಉದ್ಘಾಟನೆಯ ದಿನ ಸಂಜೆ ಮೈದಾನದಲ್ಲಿದ್ದೆ. ಪ್ರಾಂಶುಪಾಲರ ಫೋನ್ ಬಂತು.

‘ನಿಮ್ ಹುಡ್ಗೀರ್ನ ಜೆರ್ಸಿ ಹಾಕಿಸಿ ಇಲ್ಲಿಗ್ ಕಳ್ಸಿ ಮೇಡಂ. ಬಾಗ್ಲಲ್ಲಿ ಎರಡು ಸಾಲು ನಿಂತು ಗೆಸ್ಟ್‌ಗೆ ಹೂ ಹಾಕಿದ್ರೆ ಸಾಕು. ಕ್ರೀಡಾ ಭವನ ಅಂತಾನೇ ಹೆಸ್ರಿಟ್ಟಿದೀವಿ, ಆಟದೋರೇ ಇಲ್ದಿದ್ರೆ ಚೆನ್ನಾಗಿರಲ್ಲ.’

‘ಅವ್ರಿಗೆ ಪ್ರಾಕ್ಟೀಸ್ ಇದೆ ಸರ್.’

‘ಒಂದ್ ದಿನ ಬಿಟ್ರೆ ಏನಾಗುತ್ತೆ?’

‘ಒಂದ್ ದಿನಾನೂ ಪ್ರಾಕ್ಟೀಸ್ ತಪ್ಪಬಾರ್ದು ಅಂತ ತಾನೇ ಸರ್ ನೀವು ಹಾಲ್ ಕಟ್ಟಿಸ್ಬೇಕು ಅಂದಿದ್ದು?’

ಆ ಕಡೆಯಿಂದ ಫೋನ್ ಕಟ್ಟಾಯಿತು. ಕಟ್ಟಡದ ಕಡೆಯಿಂದ ಮೈಕು ಪರೀಕ್ಷಿಸುವ ಸದ್ದು ಕೇಳುತ್ತಿತ್ತು. ಕೊನೆಯ ವರ್ಷಕ್ಕೆ ಬಂದಿದ್ದ ಕ್ಯಾಪ್ಟನ್ ಕಾರ್ನರಿನಲ್ಲಿ ಚೆಂಡು ಇಟ್ಟುಕೊಂಡು ಕಾಯುತ್ತಿದ್ದಳು.

‘ಯಾರ್ ಮ್ಯಾಮ್ ಫೋನಲ್ಲಿ?’

‘ಆಮೇಲ್ ಹೇಳ್ತೀನಿ ಕಣೇ. ನೀನು ಹೊಡಿ.’